ಬೂದಿದಿಬ್ಬದ ಎದುರು ವಿಜ್ಞಾನವೂ ಮಾನವಿಕವೂ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರದಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವ ತಂದೆತಾಯಿಯರ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. "ಫಾದರ್, ಹುಡುಗನಿಗೆ ಸೈನ್ಸ್ ಸಿಗ್ತೈತೋ ಇಲ್ಲೋ? ಸಿಗಲಿಲ್ಲಾಂದ್ರ ಆರ್ಟ್ಸೇ ಗತಿ ನೋಡ್ರಿ." ಬಳ್ಳಾರಿಯಲ್ಲಿಯೂ ಹೀಗೆ, ಸಿರುಗುಪ್ಪದಲ್ಲಿಯೂ ಹೀಗೆ, ಕುರುಗೋಡಿನಲ್ಲಿಯೂ ಹೀಗೆ. 'ಗತಿ' ಎಂಬ ಆ ಒಂದು ಮಾತಿನಲ್ಲಿ ನಮ್ಮ ಶಿಕ್ಷಣದ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿ ಕುಳಿತಿದೆ. ಇತಿಹಾಸ, ಭಾಷೆ, ಸಮಾಜಶಾಸ್ತ್ರಗಳು ಬೇರೇನೂ ದೊರೆಯದವರು ಹೋಗಿ ಸೇರುವ ಛತ್ರವೆಂದೂ, ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಆರಿಸಲ್ಪಟ್ಟವರ ಅರಮನೆಯೆಂದೂ ನಾವು ನಂಬಿಬಿಟ್ಟಿದ್ದೇವೆ. ಹದಿನಾರು ವರ್ಷದ ಮಗುವನ್ನು ಈ ಎರಡು ಬಾಗಿಲುಗಳ ಮುಂದೆ ನಿಲ್ಲಿಸಿ, ಒಂದನ್ನು ತೆರೆದು ಇನ್ನೊಂದಕ್ಕೆ ಬೀಗ ಜಡಿಯುವುದನ್ನೇ ವಿದ್ಯಾಭ್ಯಾಸದ ಯೋಜನೆಯೆಂದು ಕರೆಯುತ್ತಿದ್ದೇವೆ.

ಈ ಬೀಗವನ್ನು ತೆಗೆಯಲು ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಯತ್ನ ನಡೆಯಿತು. ಅದು ಏನಾಯಿತು, ಏಕೆ ಹಾಗಾಯಿತು ಎಂಬುದನ್ನು ವಿಮರ್ಶಿಸುವುದು ಈ ಬರಹದ ಉದ್ದೇಶ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ ಮತ್ತು ವಿಜ್ಞಾನಗಳ ನಡುವೆ ಕಠಿಣವಾದ ಗೋಡೆ ಇರಬಾರದೆಂದು ಸ್ಪಷ್ಟವಾಗಿ ಸಾರಿತು. ಬಾಣಭಟ್ಟನ ಕಾದಂಬರಿಯನ್ನೂ ಅರವತ್ತನಾಲ್ಕು ಕಲೆಗಳನ್ನೂ ಅದು ನೆನೆಯಿತು. ಅದನ್ನು ಪದವಿ ಕಾಲೇಜುಗಳಲ್ಲಿ ದೇಶದಲ್ಲಿಯೇ ಮೊದಲಿಗೆ ಜಾರಿಗೆ ತಂದ ರಾಜ್ಯ ನಮ್ಮದು; ಅದು ನಡೆದದ್ದು 2021-22ರ ಶೈಕ್ಷಣಿಕ ವರ್ಷದಲ್ಲಿ. ಮೂರು ಐಚ್ಛಿಕ ವಿಷಯಗಳ ಹಳೆಯ ಪದ್ಧತಿ ಹೋಗಿ ಎರಡು ಮುಖ್ಯ ವಿಷಯಗಳ ಪದ್ಧತಿ ಬಂದಿತು. ಜೊತೆಗೆ ವಿದ್ಯಾರ್ಥಿಗಳು ಓಪನ್ ಇಲೆಕ್ಟಿವ್ ಎಂದು ಕರೆಯುತ್ತಿದ್ದ ಮುಕ್ತ ಆಯ್ಕೆಯ ವಿಷಯವೊಂದು ಸೇರಿಕೊಂಡಿತು. ರಸಾಯನಶಾಸ್ತ್ರದ ವಿದ್ಯಾರ್ಥಿನಿ ಇತಿಹಾಸದ ಒಂದು ಪತ್ರಿಕೆಯನ್ನೂ, ಕನ್ನಡ ಸಾಹಿತ್ಯದ ವಿದ್ಯಾರ್ಥಿ ಪರಿಸರ ವಿಜ್ಞಾನದ ಒಂದು ಪತ್ರಿಕೆಯನ್ನೂ ಓದಲಿ ಎಂಬುದು ಅದರ ಆಶಯ. ಆಶಯ ಒಳ್ಳೆಯದೇ. 2023ರಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವು ರಚನೆಯಾಗಿ, ಅದರ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಸರ್ಕಾರವು ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿತು. ಮೂರೇ ವರ್ಷಗಳಲ್ಲಿ ಹೋಗಿ ಬಂದ ಈ ಪಯಣದಲ್ಲಿ ಬಳಲಿದವರು ನೀತಿಯನ್ನು ಬರೆದವರಲ್ಲ. ಬೆಳಗಿನ ಬಸ್ಸು ಹತ್ತಿ ಬಳ್ಳಾರಿಗೆ ಬರುವ ಹಳ್ಳಿಯ ಮಕ್ಕಳು.

ಯಾವ ಪಕ್ಷದ ಸರ್ಕಾರ ಸರಿ, ಯಾವುದು ತಪ್ಪು ಎಂಬ ಚರ್ಚೆ ನಮಗೆ ಇಲ್ಲಿ ಬೇಡ. ನನ್ನ ಆಕ್ಷೇಪಣೆ ಬೇರೆ. ವಿಜ್ಞಾನ ಮತ್ತು ಮಾನವಿಕಗಳನ್ನು ಕೂಡಿಸುವುದೆಂದರೆ ಅಂಕಪಟ್ಟಿಯಲ್ಲಿ ಎರಡು ಸಾಲುಗಳನ್ನು ಅಕ್ಕಪಕ್ಕ ಮುದ್ರಿಸುವುದು ಎಂದು ಆ ವ್ಯವಸ್ಥೆ ತಿಳಿದುಕೊಂಡಿತು. ಮುಕ್ತ ಆಯ್ಕೆ ಎಂದು ಹೆಸರಾದರೂ ಎಷ್ಟೋ ಕಡೆ ಯಾವ ಉಪನ್ಯಾಸಕರು ಬಿಡುವಾಗಿದ್ದಾರೋ ಅವರ ವಿಷಯವೇ ಆಯ್ಕೆಯಾಯಿತು. ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆಯೇ ನಡೆಯುವ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕಿಂತ ಬೇರೆಯದನ್ನು ನಿರೀಕ್ಷಿಸುವುದೂ ಅನ್ಯಾಯ. ಸಿರುಗುಪ್ಪದ ಕಡೆಯ ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿನಿ ತನ್ನ ಇತಿಹಾಸದ ಪತ್ರಿಕೆಯ ಬಗ್ಗೆ ನನಗೆ ಹೇಳಿದ್ದು ಒಂದೇ ವಾಕ್ಯ: "ಗೈಡು ತಗೊಂಡು ಒಂದು ರಾತ್ರಿ ಓದಿದೆ ಫಾದರ್, ಪಾಸಾತು." ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನೋವನ್ನುಂಟುಮಾಡಿತು. ಎರಡು ವಿದ್ಯೆಗಳು ಒಂದು ಪ್ರಶ್ನೆಯ ಸುತ್ತ ಕೂಡಬೇಕೇ ಹೊರತು ಒಂದು ವೇಳಾಪಟ್ಟಿಯ ಸುತ್ತ ಅಲ್ಲ. ಅಂತಹ ಪ್ರಶ್ನೆಯನ್ನು ಹುಡುಕಿಕೊಂಡು ಆ ಹುಡುಗಿ ಬೆಂಗಳೂರಿಗೆ ಹೋಗಬೇಕಾಗಿಯೂ ಇರಲಿಲ್ಲ.

ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಪ್ರಯಾಣ ಮಾಡುವ ಓದುಗರು ಕುಡತಿನಿಯ ಸಮೀಪ ರಸ್ತೆಯ ಪಕ್ಕದಲ್ಲಿಯೇ ಇರುವ ಬೂದಿದಿಬ್ಬವನ್ನು ಕಂಡಿರಬಹುದು; ಕಂಡರೂ ಮಣ್ಣಿನ ಗುಡ್ಡೆಯೆಂದು ತಿಳಿದು ಮುಂದೆ ಸಾಗಿರಬಹುದು. ಸಂಗನಕಲ್ಲು ಮತ್ತು ಕುಪ್ಪಗಲ್ಲಿನ ಬೆಟ್ಟಗಳ ಬಳಿಯೂ ಇಂತಹವು ಇವೆ. ಇವು ಏನು? ನಮ್ಮ ಪೂರ್ವಿಕರು ಕೊಟ್ಟ ಉತ್ತರ ಭೀಮಸೇನನಿಂದ ಹತನಾದ ಹಿಡಿಂಬಾಸುರನ ಚಿತೆಯ ಬೂದಿ ಎಂಬುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಯೂರೋಪಿನ ವಿದ್ವಾಂಸರು ಈ ಕಥೆಯನ್ನು ಬರೆದುಕೊಂಡರು, ನಕ್ಕರು, ಬಳಿಕ ತಾವೂ ತಮ್ಮ ತಮ್ಮ ಕಥೆಗಳನ್ನು ಕಟ್ಟಿದರು. ಜ್ವಾಲಾಮುಖಿ ಎಂದವರುಂಟು, ಕಬ್ಬಿಣ ಕರಗಿಸಿದ ಕುಲುಮೆ ಎಂದವರುಂಟು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ, ಕಲ್ಲು ಮಣ್ಣುಗಳನ್ನು ಪರೀಕ್ಷಿಸಲು ಬಂದವನು, ಕಲ್ಲಿನ ಕೊಡಲಿಗಳನ್ನು ಆಯ್ದುಕೊಳ್ಳುತ್ತ ಇತಿಹಾಸಕಾರನಾಗಿಬಿಟ್ಟ. ಇದು ಸಗಣಿ ಸುಟ್ಟ ಬೂದಿ ಎಂದು ಆತ ಊಹಿಸಿದ. ಆದರೆ ಊಹೆ ಊಹೆಯೇ.

1950ರ ದಶಕದ ಕೊನೆಯ ವೇಳೆಗೆ ಲಂಡನ್ನಿನ ಫ್ರೆಡರಿಕ್ ಝೋಯ್ನರ್ ಈ ಬೂದಿಯನ್ನು ಪ್ರಯೋಗಾಲಯದಲ್ಲಿ ಸೂಕ್ಷ್ಮವಾಗಿ ಪರೀಕ್ಷಿಸಿ, ದನದ ಸಗಣಿ ಉರಿದೇ ಇದು ಆಗಿದೆ ಎಂದು ತೋರಿಸಿದರು. ವಿಜ್ಞಾನ ತನ್ನ ಕೆಲಸವನ್ನು ಮುಗಿಸಿತು. ಆದರೆ ಪ್ರಶ್ನೆ ಮುಗಿಯಿತೇ? ರೈತನಿಗೆ ಸಗಣಿ ಚಿನ್ನಕ್ಕೆ ಸಮಾನ. ಅದನ್ನು ದಿಬ್ಬವಾಗುವಷ್ಟು ಒಟ್ಟಿ, ಮತ್ತೆ ಮತ್ತೆ ಬೆಂಕಿ ಇಟ್ಟವರ ಮನಸ್ಸಿನಲ್ಲಿ ಏನಿತ್ತು? ಇದಕ್ಕೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. 1957ರಲ್ಲಿ ಉಟ್ನೂರಿನ ಬೂದಿದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್ ಅವರಿಗೆ ದನದ ದೊಡ್ಡಿಯ ಗುರುತುಗಳೂ, ಮಣ್ಣಿನಲ್ಲಿ ಒತ್ತಿ ಉಳಿದ ಗೊರಸಿನ ಹೆಜ್ಜೆಗಳೂ ದೊರೆತವು. ನವಶಿಲಾಯುಗದ ಪಶುಪಾಲಕರನ್ನು ಕುರಿತು 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಈ ಬೆಂಕಿಯನ್ನು ಇಂದಿಗೂ ನಮ್ಮ ಜನರು ಹಬ್ಬಗಳಲ್ಲಿ ಹೊತ್ತಿಸುವ ಬೆಂಕಿಯೊಂದಿಗೆ ಹೋಲಿಸಿ ನೋಡಿದರು. ಸಂಕ್ರಾಂತಿಯ ಸಂಜೆ ದಕ್ಷಿಣ ಕರ್ನಾಟಕದಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಹೋಲಿಕೆಯ ಅರ್ಥ ಕೂಡಲೇ ಹೊಳೆಯುತ್ತದೆ. ಆಲ್ಚಿನ್ ಅವರ ತೀರ್ಮಾನವನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಚರ್ಚೆ ನಡೆಯುತ್ತಲೇ ಇದೆ. ನಾನು ಗಮನಿಸಬೇಕೆನ್ನುವುದು ಮತ್ತೊಂದು. ಒಂದು ಹಿಡಿ ಬೂದಿಯನ್ನು ತಿಳಿಯಲು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಜಾನಪದ, ಧರ್ಮಾಧ್ಯಯನ ಇಷ್ಟೂ ಬೇಕಾದವು. ಒಂದರ ಸೋಲು ಇನ್ನೊಂದರ ಆರಂಭವಾಯಿತು.

ಸಂಗನಕಲ್ಲಿನ ಬೆಟ್ಟಗಳಲ್ಲಿ ಪ್ರೊ. ರವಿ ಕೋರಿಶೆಟ್ಟರ್ ಅವರು ನಿಕೋಲ್ ಬೊವಿನ್, ಡೋರಿಯನ್ ಫುಲ್ಲರ್ ಮೊದಲಾದವರೊಂದಿಗೆ ನಡೆಸಿದ ಸಂಶೋಧನೆಯೂ ಇದೇ ಮಾದರಿಯದು. ಸುಟ್ಟು ಕರಿಯಾದ ಕಾಳುಗಳನ್ನು ಮಣ್ಣಿನಿಂದ ಬೇರ್ಪಡಿಸಿ ನೋಡಿದಾಗ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿಯ ಜನ ಹುರುಳಿ, ಹೆಸರು, ಕೊರಲೆಗಳನ್ನು ಉಣ್ಣುತ್ತಿದ್ದರೆಂಬುದು ತಿಳಿದುಬಂದಿತು. ನಮ್ಮ ಮನೆಯ ಹುರುಳಿ ಸಾರಿಗೆ ಇಷ್ಟು ದೊಡ್ಡ ವಂಶಾವಳಿ ಇದೆಯೆಂದು ಯಾವ ಪಠ್ಯಪುಸ್ತಕವೂ ನಮಗೆ ಹೇಳಿಕೊಡಲಿಲ್ಲ! ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಉತ್ಖನನ ನಡೆದಾಗ ಗ್ರಂಥದ ರಕ್ಷಾಪುಟದ ಮೇಲೆ ಎರಡು ಹೆಸರುಗಳು ಬಂದವು: ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಮತ್ತು ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರಾ. ಒಬ್ಬರು ಮಡಕೆ, ಮನೆ, ಸಮಾಧಿಗಳನ್ನು ಓದಿದರೆ ಇನ್ನೊಬ್ಬರು ಮೂಳೆಗಳನ್ನು ಓದಿದರು. ಆ ಇಬ್ಬರು ನಮ್ಮ ಪದವಿ ಪೂರ್ವ ಕಾಲೇಜಿನಲ್ಲಿ ಓದಿದ್ದರೆ ಬೇರೆ ಬೇರೆ ಮಹಡಿಗಳಲ್ಲಿ ಕುಳಿತಿರುತ್ತಿದ್ದರು.

ಹಳೆಯ ಕಾಲದ ಬೂದಿ ಯಾರಿಗೆ ಬೇಕು ಎಂದು ಕೇಳುವವರಿಗೆ ಇಂದಿನ ಮಣ್ಣನ್ನೇ ತೋರಿಸಬಹುದು. ಸಿರುಗುಪ್ಪದ ಗದ್ದೆಗಳಿಗೆ ಹೋಗೋಣ. 1876-78ರ ಭೀಕರ ಕ್ಷಾಮದಲ್ಲಿ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದಾಗ ಅದರ ಹಿಂದಿದ್ದ ವಿಚಾರ, ಇರುವ ನೀರನ್ನು ತೆಳುವಾಗಿ, ಆದಷ್ಟು ಹೆಚ್ಚು ಜಮೀನಿಗೆ ಹಂಚಿ ಬರದಿಂದ ರಕ್ಷಿಸುವುದು. ಬಹುಪಾಲು ನೆಲದಲ್ಲಿ ಜೋಳ, ಹತ್ತಿ, ಶೇಂಗಾದಂತಹ ಅರೆ ನೀರಾವರಿಯ ಬೆಳೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂದಿತು. ಕರಾವಳಿ ಆಂಧ್ರದಿಂದ ರೈತರು ಬಂದು ನೆಲೆನಿಂತರು. ಅವರ ವಸತಿಗಳು ಇಂದಿಗೂ 'ಕ್ಯಾಂಪ್' ಎಂದೇ ಕರೆಯಲ್ಪಡುತ್ತವೆ. ಅವರ ದುಡಿಮೆಯಿಂದ ಸಿರುಗುಪ್ಪ ಭತ್ತದ ಕಣಜವಾಯಿತು ಎಂಬುದು ನಿಜ. ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ತಲಪದಾಯಿತು, ಎರೆ ಭೂಮಿಯ ಎಷ್ಟೋ ಎಕರೆ ಸವಳು-ಜವಳಾಗಿ ಕೆಟ್ಟಿತು ಎಂಬುದೂ ಅಷ್ಟೇ ನಿಜ.

ಈಗ ಆ ಹೊಲದ ಅಂಚಿನಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿಗಳನ್ನು ನಿಲ್ಲಿಸಿ ನೋಡಿ. ಬಿ.ಎಸ್ಸಿ. ಓದಿದವನು ಮಣ್ಣಿನ ಪಿ.ಎಚ್. ಹೇಳುತ್ತಾನೆ, ಸೋಡಿಯಂ ಎಷ್ಟಿದೆಯೆಂದು ಹೇಳುತ್ತಾನೆ, ಜಿಪ್ಸಮ್ ಹಾಕಿ ಬಸಿಗಾಲುವೆ ತೋಡಿ ಎನ್ನುತ್ತಾನೆ. ಆತನ ಮಾತು ಸರಿ. ಆದರೆ ಇಪ್ಪತ್ತು ರೈತರ ಹೊಲಗಳನ್ನು ಹಾದುಹೋಗಬೇಕಾದ ಬಸಿಗಾಲುವೆಗೆ ಆ ಇಪ್ಪತ್ತು ಮಂದಿ ಏಕೆ ಒಪ್ಪುವುದಿಲ್ಲ, ಮೇಲ್ಭಾಗದವನು ಭತ್ತವನ್ನು ಏಕೆ ಬಿಡುವುದಿಲ್ಲ, ಸಾಲ ಕೊಟ್ಟವನು ಯಾವ ಬೆಳೆಗೆ ಕೊಟ್ಟಿದ್ದಾನೆ ಎಂಬುದು ಆತನಿಗೆ ತಿಳಿಯದು. ಬಿ.ಎ. ಓದಿದವಳು ಇದೆಲ್ಲವನ್ನೂ ವಿವರಿಸಬಲ್ಲಳು. ಆದರೆ ಕೃಷಿ ಇಲಾಖೆ ಕೊಟ್ಟ ಮಣ್ಣು ಆರೋಗ್ಯ ಚೀಟಿಯನ್ನು ಅವಳ ಕೈಗೆ ಕೊಟ್ಟರೆ ಅಂಕಿಗಳ ಮುಂದೆ ಮೌನವಾಗುತ್ತಾಳೆ. ಇದರ ದಂಡವನ್ನು ತೆರುವವನು ಅವಳ ತಂದೆ, ಆ ಹೊಲದ ಒಡೆಯ. ಅರ್ಧ ತಿಳಿದ ಇಬ್ಬರು ಕೂಡಿದರೆ ಒಂದು ಪೂರ್ಣ ತಿಳಿವಳಿಕೆ ಆಗುತ್ತದೆಂಬ ಭರವಸೆ ಇಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಸ್ವಲ್ಪವಾದರೂ ಅರ್ಥವಾಗಬೇಕು.

ಇಲ್ಲಿ ಮಾನವಿಕದ ಪಕ್ಷ ವಹಿಸುವವರಿಗೂ ಒಂದು ಮಾತು ಹೇಳಲೇಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ಹೃದಯವಿಲ್ಲ, ಸಾಹಿತ್ಯ ಓದಿಸಿದರೆ ಹೃದಯ ಬರುತ್ತದೆ ಎಂಬ ಭಾಷಣಗಳನ್ನು ನಾವು ಬಹಳ ಕೇಳಿದ್ದೇವೆ. ಇದು ಸುಲಭದ ಮಾತು, ಸತ್ಯವೂ ಅಲ್ಲ. ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರು ಆ ಹೆದರಿಕೆಯನ್ನೇ ಸಂವೇದನೆಯೆಂದು ಕರೆದುಕೊಳ್ಳುವುದುಂಟು. ಕುರುಗೋಡಿನ ಶಾಸನಗಳನ್ನು ತೆಗೆದುಕೊಳ್ಳಿ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು ಅದು. ಶಾಸನವೆಂದರೆ ಹಳಗನ್ನಡ ಬಲ್ಲವರ ಸ್ವತ್ತು ಎಂದು ನಾವು ಭಾವಿಸುತ್ತೇವೆ. ಆದರೆ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ, ಕೆಲವೊಮ್ಮೆ ದಾನ ಕೊಟ್ಟ ದಿನದ ಗ್ರಹಣ ಇವೆಲ್ಲ ಕಾಣಿಸಿಕೊಳ್ಳುತ್ತವೆ. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸದೆ ಶಾಸನದ ಕಾಲ ನಿರ್ಣಯವಾಗದು. ಆ ಪರೀಕ್ಷೆ ಶುದ್ಧ ಗಣಿತ, ಶುದ್ಧ ಖಗೋಳಶಾಸ್ತ್ರ. ಬಳ್ಳಾರಿಯು ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅದೇ ಪ್ರಾಂತ್ಯದ ಅಧಿಕಾರಿಯಾಗಿದ್ದ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರು ಸಾವಿರಕ್ಕೂ ಹೆಚ್ಚು ವರ್ಷಗಳ ಭಾರತೀಯ ತಿಥಿಗಳನ್ನು ಕ್ರಿಸ್ತಶಕದ ದಿನಾಂಕಗಳೊಂದಿಗೆ ಹೊಂದಿಸಿ ಪಟ್ಟಿ ಮಾಡಿ 1922ರಲ್ಲಿ ಹೊರತಂದರು. ಕಾನೂನು ಓದಿದ್ದ ಆಡಳಿತಗಾರನೊಬ್ಬನ ಗಣಿತದ ಆಸಕ್ತಿಯ ಮೇಲೆ ದಕ್ಷಿಣ ಭಾರತದ ಇತಿಹಾಸಕಾರರು ಇಂದಿಗೂ ಆತುಕೊಂಡಿದ್ದಾರೆ. ಇತಿಹಾಸದ ಬಿ.ಎ. ತರಗತಿಯಲ್ಲಿ ಒಂದೇ ಒಂದು ಶಾಸನದ ತಿಥಿಯನ್ನು ಲೆಕ್ಕ ಹಾಕಿಸಿದರೆ ವಿದ್ಯಾರ್ಥಿಗಳು ಗಣಿತವನ್ನೂ ಇತಿಹಾಸವನ್ನೂ ಬೇರೆ ಕಣ್ಣಿನಿಂದ ನೋಡಿಯಾರು.

ಇಂಗ್ಲೆಂಡಿನ ಸಿ.ಪಿ. ಸ್ನೋ 1959ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ 'ಎರಡು ಸಂಸ್ಕೃತಿಗಳು' ಎಂಬ ಉಪನ್ಯಾಸವನ್ನು ಇಂತಹ ಸಂದರ್ಭಗಳಲ್ಲಿ ಉದ್ಧರಿಸುವುದು ವಾಡಿಕೆ. ಆದರೆ ಸ್ನೋ ಕಂಡದ್ದು ಒಂದೇ ಊಟದ ಮೇಜಿನ ಎರಡು ತುದಿಗಳಲ್ಲಿ ಕುಳಿತು ಮಾತನಾಡದ ಪಂಡಿತರನ್ನು. ನಮ್ಮ ಸಮಸ್ಯೆ ಅದಲ್ಲ. ನಮ್ಮಲ್ಲಿ ವಿಭಾಗಗಳನ್ನು ನಿರ್ಧರಿಸುವುದು ಮಾರುಕಟ್ಟೆ. ಪಿ.ಯು. ವಿಜ್ಞಾನದ ವಿದ್ಯಾರ್ಥಿಗೆ ಆರುನೂರರಲ್ಲಿ ಇನ್ನೂರು ಅಂಕಗಳು ಭಾಷೆಗಳಿಗೆ ಮೀಸಲು. ಅಂದರೆ ಮೂರನೆಯ ಒಂದು ಭಾಗ ಮಾನವಿಕವೇ! ಆದರೆ ವೃತ್ತಿ ಕೋರ್ಸುಗಳ ಪ್ರವೇಶದ ರ‍್ಯಾಂಕಿಗೆ ಆ ಇನ್ನೂರು ಲೆಕ್ಕಕ್ಕಿಲ್ಲ. ಆದ್ದರಿಂದ ಕನ್ನಡದ ಮಕ್ಕಳು ಸುಲಭವಾಗಿ ಅಂಕ ಬರುತ್ತದೆಂದು ಸಂಸ್ಕೃತವನ್ನು ಆಯ್ದುಕೊಂಡು, ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು, ಕೊನೆಗೆ ಸಂಸ್ಕೃತವನ್ನೂ ಕಲಿಯದೆ ಕನ್ನಡವನ್ನೂ ಓದದೆ ಹೊರಬರುತ್ತಾರೆ. ನಮ್ಮ ಕ್ರೈಸ್ತ ವಿದ್ಯಾಸಂಸ್ಥೆಗಳ ಫಲಿತಾಂಶದ ಫಲಕಗಳನ್ನೂ ಒಮ್ಮೆ ನೋಡಿ. ಯಾವ ವಿಭಾಗದ ಮಕ್ಕಳ ಭಾವಚಿತ್ರಗಳು ಅಲ್ಲಿ ನಗುತ್ತಿವೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಮೆಂಡಲ್ ಮತ್ತು ಲಮೇತ್ರ್ ಎಂಬ ಗುರುಗಳು ದೊಡ್ಡ ವಿಜ್ಞಾನಿಗಳಾಗಿದ್ದರೆಂದು ಪ್ರಸಂಗಗಳಲ್ಲಿ ಹೆಮ್ಮೆಪಡುತ್ತೇವೆ. ಆ ಹೆಮ್ಮೆಯಿಂದ ನಮ್ಮ ವೇಳಾಪಟ್ಟಿಗಳು ಬದಲಾದದ್ದನ್ನು ನಾನಂತೂ ಕಾಣೆ.

ಮಗನಿಗೆ ಕೆಲಸ ಸಿಗಬೇಕಲ್ಲ ಎಂಬ ಪೋಷಕರ ಆತಂಕವನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ವಿಶಾಲ ಜ್ಞಾನದ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಹವ್ಯಾಸವೆಂದು ತೋರಬಹುದು. ಆದರೆ ಒಂದನ್ನು ಗಮನಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನು ಆರಂಭಿಸಿದಾಗ ಮಾನವಿಕ ವಿಷಯಗಳ ಅಧ್ಯಯನವನ್ನೂ ಅದರಲ್ಲಿ ಸೇರಿಸಿತು. ಅತ್ಯುತ್ತಮ ಅಂಕಗಳ ಮಕ್ಕಳಿಗೆ ಅವಶ್ಯವೆಂದು ತೋರಿದ್ದು ಸಿರುಗುಪ್ಪದ ಮಕ್ಕಳಿಗೆ ಐಷಾರಾಮವಾಗುವುದು ಹೇಗೆ? ಎರಡನ್ನೂ ಬಲ್ಲ ವಿದ್ಯೆ ಉಳ್ಳವರ ಪಾಲಿಗೆ, ಒಂದರಲ್ಲಿ ಪಾಸಾಗುವ ವಿದ್ಯೆ ಇಲ್ಲದವರ ಪಾಲಿಗೆ ಎಂಬ ಹೊಸ ಜಾತಿವ್ಯವಸ್ಥೆ ನಮ್ಮ ಕಣ್ಣೆದುರೇ ಬೆಳೆಯುತ್ತಿದೆ.

ಕನ್ನಡದಲ್ಲಿ ಇದಕ್ಕೆ ಮಾದರಿಗಳಿಲ್ಲವೆಂದಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಅಧ್ಯಾಪಕನೊಬ್ಬನ ಅನುಭವ ಅದರ ಹೂರಣ. ಗಿಡದ ಕುಲ, ಲಕ್ಷಣಗಳ ಜೊತೆಯಲ್ಲಿಯೇ ಹಳೆಯ ಕಾವ್ಯದ ನೆನಪು, ಹುಡುಗರ ತಮಾಷೆ ಎಲ್ಲವೂ ಅಲ್ಲಿ ಬರುತ್ತವೆ; ಚಿತ್ರಗಳೂ ಅವರವೇ. ತೇಜಸ್ವಿಯವರ 1980ರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಗೆ ಹಾರುವ ಓತಿಯ ಸುಳಿವು ಸಿಗುವುದು ಶಾಲೆಯಲ್ಲಿ ನಪಾಸಾದ ಹಳ್ಳಿಗನಿಂದ. ಆದರೆ ಇವೆರಡನ್ನೂ ನಾವು ಕನ್ನಡದ ಪಠ್ಯವಾಗಿ ಮಾತ್ರ ಓದಿಸುತ್ತೇವೆ. ಸಸ್ಯಶಾಸ್ತ್ರದ ತರಗತಿಯಲ್ಲಿ ಸ್ವಾಮಿಯವರ ಒಂದು ಅಧ್ಯಾಯವನ್ನು ಓದಿಸಿದ ಕಾಲೇಜನ್ನು ನಾನು ಇನ್ನೂ ಕಂಡಿಲ್ಲ. ಇದ್ದರೆ ಓದುಗರು ತಿಳಿಸಲಿ, ಸಂತೋಷಪಡುತ್ತೇನೆ.

ಹಾಗಾದರೆ ಏನು ಮಾಡಬಹುದು? 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಳ್ಳಾರಿಯಲ್ಲಿಯೇ ಇದೆ. ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವೂ ನಗರದಲ್ಲಿಯೇ ಇದೆ. ಹೊಸ ನೀತಿ, ಹೊಸ ಆಯೋಗಗಳಿಗೆ ಕಾಯದೆ, ಒಂದು ಸೆಮಿಸ್ಟರಿನಲ್ಲಿ ಒಂದು ಪ್ರಶ್ನೆಯನ್ನು ಆಯ್ದು ಇಬ್ಬರು ಅಧ್ಯಾಪಕರು, ಒಬ್ಬರು ವಿಜ್ಞಾನದವರು, ಒಬ್ಬರು ಮಾನವಿಕದವರು, ಒಂದೇ ತರಗತಿಯಲ್ಲಿ ನಿಲ್ಲಬಹುದು. ಸಿರುಗುಪ್ಪದವರಿಗೆ ಸವಳು ನೆಲ, ಕುರುಗೋಡಿನವರಿಗೆ ಶಾಸನ, ಬಳ್ಳಾರಿಯವರಿಗೆ ಬೂದಿದಿಬ್ಬ. ಪರೀಕ್ಷೆಗೆ ಗೈಡು ಸಿಗದಂತಹ ಪ್ರಶ್ನೆಗಳು ಇವು. ಇದಕ್ಕೆ ವಿಶೇಷ ಅನುದಾನ ಬೇಡ. ಇಬ್ಬರು ಅಧ್ಯಾಪಕರ ನಡುವೆ ಸ್ನೇಹ ಬೇಕು, ಮತ್ತು ಆ ಇಬ್ಬರ ಕೆಲಸ ಮುಂದಿನ ವರ್ಷವೂ ಉಳಿಯುತ್ತದೆಂಬ ಭದ್ರತೆ ಬೇಕು. ಎರಡನೆಯದನ್ನು ಒದಗಿಸುವುದು ಸರ್ಕಾರದ ಹೊಣೆ.

ಕುಪ್ಪಗಲ್ಲಿನ ಬೆಟ್ಟದಲ್ಲಿ ಕೆಲವು ಕರಿಬಂಡೆಗಳಿವೆ. ಕಲ್ಲಿನಿಂದ ತಟ್ಟಿದರೆ ಅವು ಗಂಟೆಯಂತೆ ನಾದ ಹೊರಡಿಸುತ್ತವೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಅದೇ ಜಾಗದಲ್ಲಿ ಮತ್ತೆ ಮತ್ತೆ ತಟ್ಟಿ ಗುಳಿ ಬಿದ್ದ ಗುರುತುಗಳು ಅವುಗಳ ಮೇಲಿವೆ. ಬಂಡೆಗಳ ಮೇಲೆ ದನಗಳ, ಮನುಷ್ಯರ ಚಿತ್ರಗಳಿವೆ. ಆ ಕಲ್ಲು ಏಕೆ ನುಡಿಯುತ್ತದೆ ಎಂದು ಭೌತಶಾಸ್ತ್ರದ ಹುಡುಗ ಕೇಳಬಹುದು. ಯಾರು, ಯಾವ ರಾತ್ರಿ, ಯಾರಿಗಾಗಿ ನುಡಿಸಿದರು ಎಂದು ಇತಿಹಾಸದ ಹುಡುಗಿ ಕೇಳಬಹುದು. 2004ರಲ್ಲಿ ನಿಕೋಲ್ ಬೊವಿನ್ ಈ ಕಲ್ಲುಗಳ ಕುರಿತು ಲೇಖನ ಪ್ರಕಟಿಸಿದಾಗಲೇ, ಕಲ್ಲುಗಣಿಗಾರಿಕೆಯಿಂದ ಅಲ್ಲಿಯ ಚಿತ್ರಗಳಲ್ಲಿ ಕೆಲವು ನಾಶವಾಗಿವೆಯೆಂದು ಎಚ್ಚರಿಸಿದ್ದರು. ಸಿಡಿಮದ್ದು ಇಟ್ಟವನಿಗೆ ಆ ಬಂಡೆಯ ಬೆಲೆ ಟನ್ನಿನ ಲೆಕ್ಕದಲ್ಲಿ ಚೆನ್ನಾಗಿಯೇ ಗೊತ್ತಿತ್ತು.